ರಸ್ತೆಯ ಅಚ್ಚು, ಮಳೆಯ ನೀರು

(ಬಾನುಲಿ ಭಾಷಣ)

ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದವನೊಬ್ಬ ರಸ್ತೆಯ ನಕ್ಷೆಯನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ನನಗೂ ಮೊದಲು ಸಂಕೋಚವೇ ಆಯಿತು. ಆದರೆ 2022ರ ಗೌರೀಹಬ್ಬದ ಹೊತ್ತಿನಲ್ಲಿ ನಮ್ಮ ದಾಯಾದಿಗಳ ಮನೆಯ ಅಂಗಳದಲ್ಲಿ ಮೊಣಕಾಲುದ್ದ ನಿಂತಿದ್ದ ನೀರನ್ನು ಕಂಡ ಮೇಲೆ, ಆ ನೀರು ಅಲ್ಲಿಗೆ ಹೇಗೆ ಬಂತೆಂಬುದನ್ನು ತಿಳಿದುಕೊಂಡ ಮೇಲೆ, ಸುಮ್ಮನಿರುವುದು ಕಷ್ಟವೆನಿಸಿತು. ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಂಜಿನಿಯರುಗಳು ಕೇಳುತ್ತಿದ್ದರೆ ಅಲ್ಪಸ್ವಲ್ಪ ದೋಷಗಳನ್ನು ಮನ್ನಿಸಬೇಕು.

ನಮ್ಮ ಸಾದಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿ. ಚಿಕ್ಕಬಳ್ಳಾಪುರ ಜಿಲ್ಲೆಯ ಉಳಿದ ಭಾಗಗಳಂತೆ ಇಲ್ಲಿಯೂ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಇರುವುದು ಕೆರೆಗಳು, ಕೆರೆಗೆ ಕೆರೆ ಪೋಣಿಸಿದಂತೆ ಹಿರಿಯರು ತೋಡಿಟ್ಟ ಕಾಲುವೆಗಳು. ಆಕಾಶದಿಂದ ಬಿದ್ದ ನೀರು ಎಲ್ಲಿ ಇಳಿದು ಎಲ್ಲಿ ನಿಲ್ಲಬೇಕೆಂಬುದೇ ಈ ಸೀಮೆಯ ಬದುಕಿನ ದೊಡ್ಡ ಪ್ರಶ್ನೆ. ಬಿದ್ದದ್ದು ಕೆರೆಗೆ ಸೇರಿದರೆ ಬಾವಿಯಲ್ಲಿ ನೀರು, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು, ಮನೆಯಲ್ಲಿ ರೇಷ್ಮೆ ಹುಳು, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು. ಕೆರೆಗೆ ಸೇರದೆ ಬೇರೆಲ್ಲೋ ನಿಂತರೆ ಏನಾಗುತ್ತದೆಂಬುದನ್ನು ಆ ವರ್ಷ ಕಂಡೆವು.

ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ಊರ ಹೊರಗೆ ರಸ್ತೆಯ ಮಗ್ಗುಲಲ್ಲಿ ಮನೆ ಮಾಡಿಕೊಂಡಿದ್ದಾನೆ. ಮನೆಗೆ ತಾಗಿಕೊಂಡೇ ಹುಳು ಸಾಕುವ ಮನೆ. ಅಲ್ಲಿ ರಸ್ತೆ ತಗ್ಗಿನಲ್ಲಿ ಹಾದುಹೋಗುತ್ತಿತ್ತು. ಮಳೆ ಬಂದಾಗ ಮೇಲಿನ ಹೊಲಗಳ ನೀರು ಅಂಗಳದ ಅಂಚಿನಲ್ಲಿ ಹರಿದು, ರಸ್ತೆಯ ಕೆಳಗಿದ್ದ ಹಳೆಯ ಚಪ್ಪಡಿಕಲ್ಲಿನ ಮೋರಿಯಲ್ಲಿ ನುಸುಳಿ, ಆಚೆಯ ಕಾಲುವೆ ಸೇರಿ ಕೆರೆಗೆ ಹೋಗುತ್ತಿತ್ತು. ಜೋರಾಗಿ ಬಂದ ದಿನ ರಸ್ತೆಯ ಮೇಲೂ ಹರಿಯುತ್ತಿತ್ತು. ಎರಡು ಗಂಟೆ ಕಾಲ ಬಸ್ಸು ನಿಲ್ಲುತ್ತಿತ್ತು, ಅಷ್ಟೆ. ಆ ತೊಂದರೆಯನ್ನು ನೀಗಿಸುವುದಕ್ಕೆಂದೇ ರಸ್ತೆಯನ್ನು ಹೊಸದಾಗಿ ಕಟ್ಟಿದರು. ತಗ್ಗಿನಲ್ಲಿ ಎರಡಡಿಯಷ್ಟು ಎತ್ತರಿಸಿದರು, ಅಗಲ ಮಾಡಿದರು, ಎರಡೂ ಬದಿಗೆ ಚರಂಡಿ ತೆಗೆದರು. ಕಪ್ಪಗೆ ಮಿರುಗುವ ರಸ್ತೆಯನ್ನು ನೋಡಿ ನಾವೆಲ್ಲ ಸಂತೋಷಪಟ್ಟೆವು. ಉದ್ಘಾಟನೆಯ ದಿನ ನಾಲ್ಕು ಮಾತು ಆಡಿದವರಲ್ಲಿ ನಾನೂ ಒಬ್ಬ.

ಆ ವರ್ಷದ ಆಗಸ್ಟ್ ಕೊನೆಯ ವಾರದ ಮಳೆ ಹಲವರಿಗೆ ನೆನಪಿರಬಹುದು; ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ದೋಣಿ ಹಾಯಿಸಿದ ದಿನಗಳೂ ಅದರ ಹಿಂದೆಯೇ ಬಂದವು. ನಮ್ಮಲ್ಲಿ ರಸ್ತೆಯ ಮೇಲೆ ಒಂದು ಹನಿಯೂ ನಿಲ್ಲಲಿಲ್ಲ. ಎಲ್ಲವೂ ಅಣ್ಣನ ಅಂಗಳದಲ್ಲಿ ನಿಂತಿತು. ಹುಳು ನಾಲ್ಕನೆಯ ಜ್ವರ ಮುಗಿಸಿ ಎದ್ದಿದ್ದವು. ಇನ್ನೊಂದು ವಾರದಲ್ಲಿ ಹಣ್ಣಾಗಿ ಚಂದ್ರಿಕೆಗೆ ಏರಬೇಕಾಗಿತ್ತು. ಹುಳುಮನೆಯ ನೆಲ ಮೂರು ದಿನ ನೀರಿನಲ್ಲಿತ್ತು. ಒದ್ದೆ ಸೊಪ್ಪು, ಥಂಡಿ, ಉಸಿರುಗಟ್ಟುವ ಹವೆ. ಬೆಳೆ ಪೂರ್ತಿ ಕೆಟ್ಟಿತು. ಸತ್ತ ಹುಳುವನ್ನು ಅತ್ತಿಗೆ ಬುಟ್ಟಿಗಳಲ್ಲಿ ತುಂಬಿ ತಿಪ್ಪೆಗೆ ಹೊರುತ್ತಿದ್ದುದನ್ನು ನಾನು ನೋಡಿದೆ.

ಹಬ್ಬಕ್ಕೆಂದು ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ರಸ್ತೆಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ನಮ್ಮ ಊರಿನ ರಸ್ತೆಗೂ ಅವಳ ಕಚೇರಿಗೂ ಸಂಬಂಧವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೀರೆಯ ನೆರಿಗೆ ಎತ್ತಿಕೊಂಡು ನೀರಿನಲ್ಲಿ ನಡೆದು ರಸ್ತೆಯ ಬದಿಗೆ ಹೋದಳು. ಚರಂಡಿಯೊಳಗೆ ಒಂದು ಕೋಲು ಇಳಿಸಿದಳು. ಅಂಗಳದ ಹೊಂಗೆಮರದ ಬುಡದಲ್ಲಿ ಅದೇ ಕೋಲು ಊರಿದಳು. ಆಮೇಲೆ ಹೇಳಿದಳು: “ಮಾವ, ಚರಂಡಿಯ ತಳ ಅಂಗಳಕ್ಕಿಂತ ಒಂದಡಿ ಮೇಲಿದೆ, ನೋಡಿದಿರಾ? ಅಂಗಳದ ನೀರು ಚರಂಡಿಗೆ ಹತ್ತುವುದು ಹೇಗೆ? ಚರಂಡಿಯದೇ ಅಂಗಳಕ್ಕೆ ಇಳಿಯುತ್ತಿದೆ.”

ಚರಂಡಿಯನ್ನು ನೆಲಕ್ಕಿಂತ ಮೇಲೆ ಕಟ್ಟುವಷ್ಟು ಅವಿವೇಕಿಗಳು ಯಾರಿರುತ್ತಾರೆ ಎಂದು ನಾನು ಕೇಳಿದೆ. ಅವಿವೇಕಿಗಳು ಬೇಕಾಗಿಲ್ಲ, ಒಂದು ಒಳ್ಳೆಯ ಅಚ್ಚು ಇದ್ದರೆ ಸಾಕು ಎಂದಳು. ಆ ಮಾತು ನನಗೆ ಅರ್ಥವಾಗಲಿಲ್ಲ. ಸಂಜೆ ಜಗಲಿಯ ಮೇಲೆ ಲ್ಯಾಪ್‌ಟಾಪು ತೆರೆದು ಕುಳಿತು ಅರ್ಥ ಮಾಡಿಸಿದಳು.

ರಸ್ತೆ ಎಷ್ಟು ಮೈಲಿ ಉದ್ದವಾದರೂ ಅದನ್ನು ಗೀಚುವವರು ಉದ್ದಕ್ಕೂ ಗೀಚುವುದಿಲ್ಲ. ರಸ್ತೆಯ ನಡುಗೆರೆಯೊಂದನ್ನು ಮೊದಲು ನೆಲದ ಮೇಲೆ ಗೊತ್ತು ಮಾಡುತ್ತಾರೆ. ಅನಂತರ, ಬ್ರೆಡ್ಡನ್ನು ಅಡ್ಡಲಾಗಿ ಕೊಯ್ದರೆ ಒಂದು ಹೋಳು ಕಾಣುವಂತೆ, ರಸ್ತೆಯ ಅಡ್ಡಕೊಯ್ತ ಹೇಗಿರಬೇಕೆಂದು ಒಂದು ಹೋಳನ್ನು ಬರೆಯುತ್ತಾರೆ: ನಡುವೆ ಡಾಂಬರು, ಅದರ ಕೆಳಗೆ ಜಲ್ಲಿಯ ಪದರಗಳು, ಎರಡೂ ಕಡೆ ಮಣ್ಣಿನ ಅಂಚು, ಆಮೇಲೆ ಚರಂಡಿ, ಅದರಾಚೆ ನೆಲವನ್ನು ಮುಟ್ಟುವ ಇಳಿಜಾರು. ಈ ಒಂದು ಹೋಳನ್ನು ನಡುಗೆರೆಯ ಗುಂಟ ಐದು ಮೀಟರಿಗೋ ಹತ್ತು ಮೀಟರಿಗೋ ಒಂದರಂತೆ ಯಂತ್ರವೇ ಇಟ್ಟುಕೊಂಡು ಹೋಗುತ್ತದೆ. ಹೋಳುಗಳೆಲ್ಲ ಕೂಡಿ ರಸ್ತೆಯಾಗುತ್ತದೆ. ಬೆಂಟ್ಲಿ ಕಂಪನಿಯ ಓಪನ್‌ರೋಡ್ಸ್ ಎಂಬ ತಂತ್ರಾಂಶದಲ್ಲಿ ಈ ಹೋಳಿಗೆ ಟೆಂಪ್ಲೇಟ್ ಎಂದು ಹೆಸರು. ಆಟೋಡೆಸ್ಕ್‌ನವರ ಸಿವಿಲ್ ತ್ರೀ-ಡಿಯಲ್ಲಿ ಅಸೆಂಬ್ಲಿ ಎನ್ನುತ್ತಾರಂತೆ, ಅದರ ಬಿಡಿಭಾಗಗಳಿಗೆ ಸಬ್‌ಅಸೆಂಬ್ಲಿ. ನಾನು ಅಚ್ಚು ಎಂದೇ ಕರೆಯುತ್ತೇನೆ. ಒಂದು ಸಲ ಚೆನ್ನಾಗಿ ಮಾಡಿಟ್ಟರೆ ಅಚ್ಚು ಮುಂದಿನ ನೂರು ರಸ್ತೆಗಳಿಗೆ ಒದಗುತ್ತದೆ. ಕಚೇರಿಯ ಅಚ್ಚುಗಳನ್ನೆಲ್ಲ ಒಂದು ಭಂಡಾರದಲ್ಲಿ ಕೂಡಿಟ್ಟಿರುತ್ತಾರೆ. ಯಾರಿಗೆ ಬೇಕೋ ಅವರು ತೆಗೆದು ಬಳಸುತ್ತಾರೆ.

ಆದರೆ ಒಂದು ರಸ್ತೆಗೆ ಹೊಂದುವ ಹೋಳು ಇನ್ನೊಂದಕ್ಕೆ ಹೊಂದಬೇಕಾದರೆ ಅದು ಬರಿಯ ಚಿತ್ರವಾಗಿದ್ದರೆ ಸಾಲದು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ 1934ರಲ್ಲಿ ಹುಟ್ಟಿತು. ನಮ್ಮ ರಸ್ತೆಗಳ ಅಳತೆಗಳನ್ನು ಗೊತ್ತುಪಡಿಸುವುದು ಅದರ ಕೆಲಸಗಳಲ್ಲಿ ಮುಖ್ಯವಾದದ್ದು. ಅದು 1980ರಲ್ಲಿ ಹೊರತಂದ ಸಂಹಿತೆಯ ಪ್ರಕಾರ ಗ್ರಾಮಾಂತರದಲ್ಲಿ ಒಂದು ಸಾಲು ವಾಹನ ಹೋಗುವ ರಸ್ತೆಯ ಡಾಂಬರು 3.75 ಮೀಟರು ಅಗಲ, ಮಧ್ಯಮ ತರಗತಿಯದು 5.5 ಮೀಟರು, ಎರಡು ಸಾಲಿನದು 7 ಮೀಟರು. ಮಳೆಯ ನೀರು ಮೇಲೆ ನಿಲ್ಲದಂತೆ ನಡುವಿನಿಂದ ಎರಡೂ ಅಂಚಿಗೆ ಇಳಿಜಾರು ಕೊಡುತ್ತಾರೆ. ತೆಳುವಾದ ಡಾಂಬರು ಹಾಸಿಗೆ ನೂರಕ್ಕೆ 2ರಿಂದ 2.5. ಮಣ್ಣಿನ ಅಂಚು ಅದಕ್ಕಿಂತ ತುಸು ಹೆಚ್ಚು ಬಾಗಿರಬೇಕು. ಹೀಗಿರುವಾಗ 3.75 ಮೀಟರಿಗೆ ಬರೆದ ಹೋಳನ್ನು 7 ಮೀಟರಿಗೆ ಹಿಗ್ಗಿಸಿದರೆ ಉಳಿದ ಭಾಗಗಳು ತಾವಾಗಿಯೇ ಸರಿದು ನಿಲ್ಲಬೇಕು. ಡಾಂಬರಿನ ಅಂಚು ಹೊರಗೆ ಹೋದರೆ ಮಣ್ಣಿನ ಅಂಚು ಅದರ ಜೊತೆ ಹೋಗಬೇಕು, ಚರಂಡಿ ಅದರ ಹಿಂದೆ ಹೋಗಬೇಕು. ಒಂದು ಮಾತ್ರ ಹೋಗದೆ ಹಿಂದೆ ಉಳಿದರೆ ಚರಂಡಿ ರಸ್ತೆಯ ನಡುವೆಯೇ ಬಂದು ಕೂರುತ್ತದೆ.

ಇದಕ್ಕಾಗಿ ಹೋಳಿನ ಪ್ರತಿಯೊಂದು ಬಿಂದುವನ್ನೂ ಇನ್ನೊಂದು ಬಿಂದುವಿಗೆ ಕಟ್ಟುತ್ತಾರೆ. ಹೋಳು ಚಪ್ಪಟೆಯಾದದ್ದು, ಅದರಲ್ಲಿ ಒಂದು ಬಿಂದುವಿಗೆ ಓಡಾಡಲು ಎರಡೇ ದಾರಿ, ಅಡ್ಡಲಾಗಿ ಒಂದು, ಮೇಲೆ ಕೆಳಗೆ ಒಂದು. ಆದ್ದರಿಂದ ಎರಡು ಕಟ್ಟು ಹಾಕಿದರೆ ಬಿಂದು ನಿಂತಿತು. ‘ನೀನು ನಡುಗೆರೆಯಿಂದ ಇಷ್ಟು ದೂರ’ ಎಂಬುದು ಒಂದು ಕಟ್ಟು. ‘ನಡುಗೆರೆಯಿಂದ ನಿನ್ನವರೆಗೆ ಇಳಿಜಾರು ನೂರಕ್ಕೆ ಇಷ್ಟು’ ಎಂಬುದು ಇನ್ನೊಂದು. ಕಟ್ಟಿಸಿಕೊಂಡ ಬಿಂದುವನ್ನು ಮಗು ಎಂದೂ, ಯಾವುದಕ್ಕೆ ಕಟ್ಟಿದೆಯೋ ಅದನ್ನು ಹೆತ್ತ ಬಿಂದುವೆಂದೂ ಕರೆಯುವುದು ಅವರ ಪರಿಭಾಷೆ. ಹೀಗೆ ನಡುಗೆರೆಯ ಮೂಲಬಿಂದುವಿನಿಂದ ಚರಂಡಿಯ ಕೊನೆಯವರೆಗೆ ಒಂದು ವಂಶವೃಕ್ಷವೇ ಆಗುತ್ತದೆ. ನಾನು ಪರದೆಯಲ್ಲಿ ಕಂಡದ್ದು ಕೂಡಿಸುವ ಗುರುತಿನಂಥ ಚುಕ್ಕಿಗಳು. ಕಟ್ಟೇ ಇಲ್ಲದ ಬಿಂದು ಹಸಿರು, ಒಂದೇ ಕಟ್ಟಿನದು ಹಳದಿ, ಎರಡೂ ಕಟ್ಟು ಬಿದ್ದದ್ದು ಕೆಂಪು. ಎಲ್ಲವೂ ಕೆಂಪಾದರೆ ಅಚ್ಚು ಪೂರ್ಣವಾಗಿ ಬಿಗಿದಂತೆ, ಭಂಡಾರಕ್ಕೆ ಸೇರಿಸಬಹುದು.

ಈ ವಿಚಾರ ಹೊಸದೇನಲ್ಲವಂತೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಐವಾನ್ ಸದರ್ಲೆಂಡ್ ಎಂಬ ತರುಣ 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ಹೆಸರಿನ ಪ್ರಬಂಧವನ್ನು ಒಪ್ಪಿಸಿದ. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಓರೆಕೋರೆಯಾಗಿ ನಾಲ್ಕು ಗೆರೆ ಎಳೆದು, ಇವು ಒಂದಕ್ಕೊಂದು ಸಮಾನಾಂತರವಾಗಿರಲಿ, ಇವು ಲಂಬವಾಗಿರಲಿ ಎಂದು ಯಂತ್ರಕ್ಕೆ ಹೇಳಿದರೆ ಅದು ತಾನೇ ನೆಟ್ಟಗೆ ಮಾಡಿಕೊಡುತ್ತಿತ್ತು. ಒಂದು ಮೂಲಚಿತ್ರ ಮಾಡಿ ಅದರ ಪ್ರತಿಗಳನ್ನು ಎಷ್ಟು ಬೇಕಾದರೂ ಇಡಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಿದ್ದಿಕೊಳ್ಳುತ್ತಿದ್ದವು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಟ್ಟು ಎಂಬ ಮಾತು ಬಂದಾಗಲೇ ನನಗೆ ಈ ವಿಷಯದಲ್ಲಿ ಪ್ರವೇಶ ಸಿಕ್ಕಿದ್ದು. ಕನ್ನಡದಲ್ಲಿ ಮನೆಯನ್ನೂ ಕಟ್ಟುತ್ತೇವೆ, ಹಸುವನ್ನೂ ಕಟ್ಟುತ್ತೇವೆ, ಪದವನ್ನೂ ಕಟ್ಟುತ್ತೇವೆ. ಕೆರೆಯ ಏರಿ ಕಟ್ಟೆಯಾಗುತ್ತದೆ. ನಿರ್ಮಾಣಕ್ಕೂ ನಿರ್ಬಂಧಕ್ಕೂ ಒಂದೇ ಧಾತುವನ್ನಿಟ್ಟ ನಮ್ಮ ಪೂರ್ವಿಕರು ಯೋಚಿಸಿಯೇ ಇಟ್ಟಿರಬೇಕು, ಇರಲಿ. ನನ್ನ ಸೊಸೆ ಬಿಂದುಗಳನ್ನು ಕಟ್ಟುತ್ತ ಹೋದಂತೆ ನನ್ನ ಮನಸ್ಸಿಗೆ ಬಂದದ್ದು ಕಂದಪದ್ಯ. ಕಂದದಲ್ಲಿ ಎಲ್ಲವೂ ನಾಲ್ಕು ಮಾತ್ರೆಯ ಗಣಗಳು. ಒಂದನೆಯ, ಮೂರನೆಯ ಪಾದಗಳಲ್ಲಿ ಮೂರು ಮೂರು, ಎರಡನೆಯ, ನಾಲ್ಕನೆಯ ಪಾದಗಳಲ್ಲಿ ಐದೈದು. ಅಂದರೆ ಪ್ರತಿಯೊಂದು ಅರ್ಧಕ್ಕೂ ಎಂಟು ಗಣ, ಮೂವತ್ತೆರಡು ಮಾತ್ರೆ. ಬೆಸ ಸ್ಥಾನಗಳಲ್ಲಿ ಜಗಣ ಬರಕೂಡದು. ಆರನೆಯದು ಮಾತ್ರ ಜಗಣವಾಗಿರಲೇಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಅರ್ಧದ ಕೊನೆಗೆ ಗುರು. ಇದರ ಮೇಲೆ ಎರಡನೆಯ ಅಕ್ಷರದ ಪ್ರಾಸ. ಇಷ್ಟು ಕಟ್ಟುಗಳಿದ್ದೂ, ಇಷ್ಟು ಕಟ್ಟುಗಳಿದ್ದುದರಿಂದಲೇ ಎಂದರೂ ತಪ್ಪಲ್ಲ, ಪಂಪನಿಗೆ ಯುದ್ಧಕ್ಕೂ ವಿರಹಕ್ಕೂ ಅದೇ ಕಂದ ಒದಗಿತು. ಕೇಶಿರಾಜ ಶಬ್ದಮಣಿದರ್ಪಣದ ವ್ಯಾಕರಣ ಸೂತ್ರಗಳನ್ನೂ ಅದೇ ಕಂದದಲ್ಲಿ ಹೊಯ್ದ. ಮತ್ತೆ ಮತ್ತೆ ಒದಗುವ ಅಚ್ಚೆಂದರೆ ಅದು.

ಇದನ್ನು ಹೇಳಿದಾಗ ಅವಳಿಗೆ ಖುಷಿಯಾಯಿತು. ಆದರೆ ನಾನು ಒಂದು ಪ್ರಶ್ನೆ ಕೇಳಿದೆ. ನನ್ನ ವಿದ್ಯಾರ್ಥಿಗಳು ಬರೆದು ತರುತ್ತಿದ್ದ ಕಂದಗಳಲ್ಲಿ ಗಣ ಸರಿಯಾಗಿರುತ್ತಿತ್ತು, ಪ್ರಾಸ ಸರಿಯಾಗಿರುತ್ತಿತ್ತು, ಓದಿದರೆ ಅರ್ಥವೇ ಇರುತ್ತಿರಲಿಲ್ಲ. ನಿನ್ನ ಯಂತ್ರದಲ್ಲಿಯೂ ಹಾಗೆ ಆಗುವುದುಂಟೆ? ಎಲ್ಲ ಬಿಂದುವೂ ಕೆಂಪಾಗಿದ್ದು ರಸ್ತೆ ಕೆಟ್ಟದಾಗುವುದುಂಟೆ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಲೆಕ್ಕ ಮಾಡಿ ತೋರಿಸಿದಳು. ಬಹಳ ಸರಳವಾದ ಲೆಕ್ಕ. ಕಾಗದವಿದ್ದರೆ ನೀವೂ ಮಾಡಬಹುದು. 3.75 ಮೀಟರು ಅಗಲದ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ 187.5 ಸೆಂಟಿಮೀಟರು. ನೂರಕ್ಕೆ 2.5ರಂತೆ ಇಳಿದರೆ ಅಂಚು ನಡುವಿಗಿಂತ ಸುಮಾರು 4.7 ಸೆಂಟಿಮೀಟರು ಕೆಳಗಿರುತ್ತದೆ. ಅಚ್ಚು ಮಾಡುವವರು ಅಂಚಿನ ಬಿಂದುವಿಗೆ ‘ಇಳಿಜಾರು ನೂರಕ್ಕೆ 2.5’ ಎಂದು ಕಟ್ಟಬಹುದು, ‘ನಡುವಿಗಿಂತ 4.7 ಸೆಂಟಿಮೀಟರು ಕೆಳಗೆ’ ಎಂದೂ ಕಟ್ಟಬಹುದು. ಎರಡರಲ್ಲಿಯೂ ಬಿಂದು ಕೆಂಪು. ಎರಡರಲ್ಲಿಯೂ ಚಿತ್ರ ಒಂದೇ. ಕಣ್ಣಿಗೆ ಭೇದ ಕಾಣದು. ಇದೇ ಅಚ್ಚನ್ನು 7 ಮೀಟರಿಗೆ ಹಿಗ್ಗಿಸಿ. ಮೊದಲನೆಯ ಕಟ್ಟಿನಲ್ಲಿ ಅಂಚು 8.75 ಸೆಂಟಿಮೀಟರಿಗೆ ಇಳಿಯುತ್ತದೆ, ಇಳಿಜಾರು ಉಳಿಯುತ್ತದೆ. ಎರಡನೆಯದರಲ್ಲಿ 4.7ರಲ್ಲಿಯೇ ನಿಲ್ಲುತ್ತದೆ, ಇಳಿಜಾರು ನೂರಕ್ಕೆ 1.34ಕ್ಕೆ ಕುಸಿಯುತ್ತದೆ. ಅಷ್ಟು ಚಪ್ಪಟೆಯಾದ ಡಾಂಬರಿನ ಮೇಲೆ ನೀರು ನಿಲ್ಲುತ್ತದೆ, ನಿಂತ ನೀರು ಒಳಗಿಳಿಯುತ್ತದೆ, ಎರಡು ಮಳೆಗಾಲದಲ್ಲಿ ಗುಂಡಿ ಬೀಳುತ್ತದೆ. ಯಂತ್ರ ಒಂದು ಮಾತನ್ನೂ ಆಡುವುದಿಲ್ಲ. ಅದು ಎಣಿಸುವುದು ಎಷ್ಟು ಕಟ್ಟು ಎಂಬುದನ್ನು. ಯಾವುದಕ್ಕೆ ಕಟ್ಟಿದ್ದೀರಿ ಎಂದು ಕೇಳುವ ಶಕ್ತಿ ಅದಕ್ಕಿಲ್ಲ.

“ಅಣ್ಣನ ಮನೆಯ ಮುಂದೆ ಆಗಿರುವುದೂ ಇದೇ ಇರಬೇಕು ಮಾವ,” ಎಂದಳು. ಆ ರಸ್ತೆಯ ನಕ್ಷೆಯನ್ನು ಅವಳು ನೋಡಿರಲಿಲ್ಲ. ನೆಲದ ಮೇಲೆ ಕಂಡದ್ದರಿಂದ ಊಹಿಸಿದಳು. ಊರುದ್ದಕ್ಕೂ ಎರಡು ಮೂರು ಕಡೆ ಕೋಲಿಟ್ಟು ನೋಡಿದ್ದಳು. ರಸ್ತೆ ಏರಿದಲ್ಲೆಲ್ಲ ಚರಂಡಿ ಏರಿತ್ತು, ಇಳಿದಲ್ಲೆಲ್ಲ ಇಳಿದಿತ್ತು. ಎಲ್ಲಿ ನೋಡಿದರೂ ಮಣ್ಣಿನ ಅಂಚಿಗಿಂತ ಸರಿಯಾಗಿ ಎರಡಡಿ ಕೆಳಗೆ. ಅಂದರೆ ಚರಂಡಿಯ ತಳವನ್ನು ರಸ್ತೆಯ ಅಂಚಿಗೆ ಕಟ್ಟಿದ್ದಾರೆ. ಸಮನಾದ ನೆಲದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತಗ್ಗಿನಲ್ಲಿ ರಸ್ತೆಯನ್ನು ಎರಡಡಿ ಎತ್ತರಿಸಿದ ಕೂಡಲೇ ಚರಂಡಿ, ತಾಯಿಯ ಸೆರಗು ಹಿಡಿದ ಮಗುವಿನಂತೆ, ತಾನೂ ಎರಡಡಿ ಏರಿ ಹಳೆಯ ರಸ್ತೆಯ ಮಟ್ಟಕ್ಕೆ ಬಂದು ನಿಂತಿತು. ಅಂಗಳವಿದ್ದುದು ಅದಕ್ಕಿಂತ ಕೆಳಗೆ. ಚರಂಡಿಯ ತಳವನ್ನು ನೋಡಿ ಹೊಸ ಮೋರಿಯ ಮಟ್ಟವನ್ನು ಇಟ್ಟರು. ಹಳೆಯ ಚಪ್ಪಡಿ ಮೋರಿ ಮಣ್ಣಿನಡಿ ಸೇರಿತು. ಕೆರೆಗೆ ಹೋಗಬೇಕಾದ ನೀರಿಗೆ ದಾರಿ ಮುಚ್ಚಿತು. ಹೋಳಿನಲ್ಲಿದ್ದ ಬಿಂದುಗಳೆಲ್ಲ ಒಂದಕ್ಕೊಂದು ನಿಷ್ಠೆಯಿಂದ ಅಂಟಿಕೊಂಡಿದ್ದವು. ಅಂಗಳ ಆ ವಂಶವೃಕ್ಷದಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಯವರೇ ಆದ ಒಬ್ಬರನ್ನು ನೆನೆಯುವುದು ಅಪ್ರಸ್ತುತವಾಗದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು; 1903ರಲ್ಲಿ ಅವನ್ನು ಅಲ್ಲಿ ಕೂಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ, ಕಾವಲುಗಾರ ಬೇಕಿಲ್ಲ. ಅದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ ಹೋದವು, ನಮ್ಮ ಕೃಷ್ಣರಾಜಸಾಗರಕ್ಕೂ ಬಂದವು. ಮೂರೂ ಕಡೆ ನೆಲ ಬೇರೆ, ಹೊಳೆ ಬೇರೆ. ಆದರೂ ಒಂದು ವಿನ್ಯಾಸ ಮೂರಕ್ಕೂ ಹೊಂದಿದ್ದು ಏಕೆಂದರೆ, ಅದರ ಚಲನೆಯನ್ನು ಅವರು ಕಟ್ಟಿದ್ದು ನೀರಿನ ಮಟ್ಟಕ್ಕೆ. ಇದನ್ನು ನಾನು ಎಂಜಿನಿಯರನಲ್ಲದವನ ಧೈರ್ಯದಿಂದ ಹೇಳುತ್ತಿದ್ದೇನೆ. ನನ್ನ ಸೊಸೆ ತಲೆಯಾಡಿಸಿದ್ದರಿಂದ ಇಲ್ಲಿ ಉಳಿಸಿಕೊಂಡಿದ್ದೇನೆ.

ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ಕರೆಯಲು ಹೋದರೆ ಮುಖ ಬಾಡಿತ್ತು. ವಿಷಯವೇನೆಂದರೆ, ಅವಳ ಕಚೇರಿಯ ಭಂಡಾರದಲ್ಲಿ ಹಳ್ಳಿ ರಸ್ತೆಗೆಂದು ಇದ್ದ ಅಚ್ಚನ್ನು ಎರಡು ವರ್ಷದ ಹಿಂದೆ ಮಾಡಿಟ್ಟವಳು ಅವಳೇ. ಅಚ್ಚುಕಟ್ಟಾದ ಕೆಲಸವೆಂದು ಎಲ್ಲರೂ ಮೆಚ್ಚಿದ್ದರು. ಒಂದು ಹಸಿರು ಬಿಂದುವಿಲ್ಲ, ಒಂದು ಹಳದಿ ಬಿಂದುವಿಲ್ಲ. ಅದನ್ನು ತೆರೆದು ನೋಡಿದಾಗ ಅದರಲ್ಲಿಯೂ ಚರಂಡಿಯ ತಳವನ್ನು ಮಣ್ಣಿನ ಅಂಚಿಗೇ ಕಟ್ಟಿತ್ತು. ಸಮತಟ್ಟಾದ ಸೀಮೆಯ ರಸ್ತೆಯೊಂದಕ್ಕೆ ಮಾಡಿದ್ದು, ಅಲ್ಲಿ ಸರಿಹೋಗಿತ್ತು. ಆಮೇಲೆ ಮೂವರು ಸಹೋದ್ಯೋಗಿಗಳು ಅದನ್ನು ಬೇರೆ ಬೇರೆ ಊರಿನ ರಸ್ತೆಗಳಿಗೆ ತೆಗೆದುಕೊಂಡಿದ್ದರು. ಯಾರೂ ಒಳಗಿನ ಕಟ್ಟನ್ನು ಬಿಚ್ಚಿ ನೋಡಿರಲಾರರು. ಕೆಂಪಾಗಿರುವುದನ್ನು ಬಿಚ್ಚಿ ನೋಡುವುದೇಕೆ?

ತಿದ್ದಿದರಾಯಿತಲ್ಲ, ನಿನ್ನ ಸದರ್ಲೆಂಡನ ಯಂತ್ರದಲ್ಲಿ ಮೂಲ ತಿದ್ದಿದರೆ ಪ್ರತಿಗಳೆಲ್ಲ ತಿದ್ದಿಕೊಳ್ಳುತ್ತವೆ ಎಂದೆಯಲ್ಲ, ಎಂದೆ. ಅವಳು ಬಳಸುವ ತಂತ್ರಾಂಶದಲ್ಲಿ ಹಾಗಿಲ್ಲವಂತೆ. ಭಂಡಾರದಿಂದ ಅಚ್ಚನ್ನು ತೆಗೆದು ಒಂದು ರಸ್ತೆಗೆ ಇಟ್ಟ ಮೇಲೆ ಅದು ಆ ರಸ್ತೆಯ ಸ್ವಂತ ಪ್ರತಿಯಾಗುತ್ತದೆ. ಭಂಡಾರದಲ್ಲಿ ಮೂಲವನ್ನು ತಿದ್ದಿದರೆ, ಆ ರಸ್ತೆಯ ನಕ್ಷೆಯನ್ನು ಮತ್ತೆ ತೆರೆದು, ಭಂಡಾರದೊಡನೆ ಹೊಂದಿಸು ಎಂದು ಯಾರಾದರೂ ಹೇಳಬೇಕು. ಹೇಳದಿದ್ದರೆ ಹಳೆಯದೇ ಉಳಿಯುತ್ತದೆ. ಇದರಲ್ಲಿಯೂ ಒಂದು ವಿವೇಕವಿದೆ: ಒಪ್ಪಿಗೆ ಪಡೆದ ನಕ್ಷೆ ಯಾರೋ ಎಲ್ಲೋ ತಿದ್ದಿದ್ದಕ್ಕೆ ತನ್ನಷ್ಟಕ್ಕೆ ಬದಲಾಗಬಾರದು. ಆದರೆ ಅಚ್ಚು ಮಾಡಿದವರಿಗೆ ಅದರಿಂದ ಒಂದು ಹೊರೆ ಬೀಳುತ್ತದೆ. ತಪ್ಪನ್ನು ತಿದ್ದಿದರೆ ಸಾಲದು; ಯಾರು ಯಾರು ಬಳಸಿದ್ದಾರೋ ಅವರ ಬಾಗಿಲಿಗೆ ಹೋಗಿ, ನನ್ನ ಅಚ್ಚಿನಲ್ಲಿ ತಪ್ಪಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಹಸ್ತಪ್ರತಿಗಳ ಪಾಠಾಂತರದಲ್ಲಿ ಕಣ್ಣು ಸವೆಸಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಲಿಪಿಕಾರನ ಕೈತಪ್ಪು ಒಂದು ಪ್ರತಿಯಿಂದ ಇನ್ನೊಂದಕ್ಕೆ ಇಳಿದುಹೋದ ಮೇಲೆ ಮೊದಲ ಓಲೆಯನ್ನು ತಿದ್ದಿ ಪ್ರಯೋಜನವೇನು?

ಮರುದಿನ ಅವಳು ಅಚ್ಚನ್ನು ಹೊಸದಾಗಿ ಕಟ್ಟಲು ಕುಳಿತಳು. ನೆಲದ ಮೇಲ್ಮೈಯನ್ನು ಹುಡುಕಿ ಅದರ ಮೇಲೆ ಕೂರುವ ಬಿಂದುವೊಂದನ್ನು ಇಡುವ ಅನುಕೂಲ ಆ ತಂತ್ರಾಂಶದಲ್ಲಿದೆ. ಎರಡು ಬಿಂದುಗಳನ್ನು ತೋರಿಸಿ, ಇವೆರಡರಲ್ಲಿ ಯಾವುದು ಕೆಳಗಿದೆಯೋ ಅದರ ಮಟ್ಟಕ್ಕೆ ಇರು ಎಂದು ಮೂರನೆಯದನ್ನು ಕಟ್ಟುವ ಅನುಕೂಲವೂ ಇದೆ. ಹೀಗೆ ಚರಂಡಿಯ ತಳ ರಸ್ತೆಯ ಅಂಚನ್ನೂ ನೋಡಿಕೊಂಡು, ಹೊರಗಿನ ನೆಲವನ್ನೂ ನೋಡಿಕೊಂಡು, ಎರಡಕ್ಕೂ ಕೆಳಗೆ ನಿಲ್ಲುವಂತೆ ಮಾಡಿದಳು. ಅಗಲಕ್ಕೆ, ಇಳಿಜಾರಿಗೆ, ಆಳಕ್ಕೆ ಒಂದೊಂದು ಹೆಸರು ಕೊಟ್ಟಳು. ಮುಂದೆ ಬಳಸುವವರು ಚುಕ್ಕಿಗಳನ್ನು ಮುಟ್ಟದೆ ಹೆಸರಿನ ಮುಂದಿನ ಅಂಕಿಯನ್ನು ಮಾತ್ರ ಬದಲಿಸಿದರೆ ಸಾಕು. ಮಾಡಿ ಮುಗಿಸಿ, ಮೂರು ನಾಲ್ಕು ಬಗೆಯ ನೆಲದ ಮೇಲೆ ಓಡಿಸಿ ನೋಡಿದಳು. ಚರಂಡಿ ಎಲ್ಲಿಯೂ ನೆಲದಿಂದ ಮೇಲೇಳಲಿಲ್ಲ. ನನಗೆ ಸಮಾಧಾನವಾಯಿತು, ಅವಳಿಗೆ ಆಗಲಿಲ್ಲ.

ಏಕೆಂದರೆ ಹೋಳಿಗೆ ತನ್ನ ಹಿಂದಿನ ಹೋಳೂ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ. ಪ್ರತಿ ಹತ್ತು ಮೀಟರಿಗೂ ಚರಂಡಿ ಆಯಾ ಜಾಗದ ನೆಲಕ್ಕೆ ತಗ್ಗಿ ನಿಂತಿತು, ಸರಿ. ಆದರೆ ಉದ್ದಕ್ಕೆ ನೋಡಿದರೆ ಒಮ್ಮೆ ಇಳಿದು ಒಮ್ಮೆ ಏರಿತ್ತು. ಅಂಥ ಚರಂಡಿಯಲ್ಲಿ ನೀರು ಹರಿಯುವುದಿಲ್ಲ, ಗುಂಡಿ ಗುಂಡಿಯಾಗಿ ನಿಂತು ಸೊಳ್ಳೆ ಸಾಕುತ್ತದೆ. ಚರಂಡಿಯ ತಳ ಮೋರಿಯವರೆಗೆ ಸತತವಾಗಿ ಇಳಿಯಬೇಕಾದರೆ ಅದಕ್ಕೆ ಬೇರೆಯೇ ಒಂದು ಉದ್ದಗೆರೆಯನ್ನು ಬರೆದು, ಆ ಬಿಂದುವಿನ ಎತ್ತರವನ್ನು ಆ ಗೆರೆಯ ವಶಕ್ಕೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದರೆ ಅಚ್ಚಿನೊಳಗಿನ ಕಟ್ಟು ಹಿಂದೆ ಸರಿದು ಗೆರೆಯ ಮಾತು ನಡೆಯುತ್ತದೆ. ಆ ಗೆರೆಯನ್ನು ಅಚ್ಚು ಬರೆಯಲಾರದು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು, ಕೆರೆಯ ಕಾಲುವೆ ಎಲ್ಲಿದೆ ಎಂಬುದನ್ನು ಆ ಊರಿಗೆ ಹೋಗಿ ನೋಡಿದವರೇ ಬರೆಯಬೇಕು. ಕೊನೆಗೆ ಅವಳು ಅಚ್ಚಿನ ಜೊತೆಗಿರುವ ವಿವರಣೆಯ ಜಾಗದಲ್ಲಿ, ಚರಂಡಿಯ ತಳದ ಮಟ್ಟ ತಾತ್ಕಾಲಿಕ, ಸ್ಥಳ ನೋಡಿ ಉದ್ದಗೆರೆ ಕೊಡದೆ ಈ ಅಚ್ಚನ್ನು ಬಳಸಬೇಡಿ, ಎಂದು ಬರೆದಳು. ನಾನು ಅದನ್ನು ಕನ್ನಡದಲ್ಲಿಯೂ ಬರೆಯೆಂದೆ. ಬರೆದಳೋ ಇಲ್ಲವೋ ಕಾಣೆ.

ಕಚೇರಿಗೆ ಹಿಂದಿರುಗಿ ಮೂವರು ಸಹೋದ್ಯೋಗಿಗಳಿಗೂ ಹೇಳಿದಳು. ಇಬ್ಬರ ನಕ್ಷೆ ಇನ್ನೂ ಕಾಗದದ ಮೇಲಿತ್ತು, ತಿದ್ದಿದರು. ಒಬ್ಬರು ಸ್ವಲ್ಪ ಗೊಣಗಿದರಂತೆ, ಕೆಲಸ ಎರಡು ವಾರ ಹಿಂದೆ ಬಿತ್ತು. ಮೂರನೆಯವರ ರಸ್ತೆಗೆ ಡಾಂಬರು ಬಿದ್ದು ಆಗಿತ್ತು. ಅವರೂ ಅವಳೂ ಒಂದು ಭಾನುವಾರ ಅಲ್ಲಿಗೆ ಹೋಗಿ ಕೋಲಿಟ್ಟು ನೋಡಿ ಬಂದರು. ಅಲ್ಲಿ ತಗ್ಗಿದ್ದುದು ಒಂದೇ ಕಡೆ, ಹತ್ತಿರದಲ್ಲಿ ಮನೆಯಿರಲಿಲ್ಲ. ಒಂದು ರಾಗಿ ಹೊಲವಿತ್ತು. ಅದನ್ನು ಮೇಲಿನವರಿಗೆ ಬರೆದು ತಿಳಿಸಿದಳು. ಹಾಗೆ ಬರೆದದ್ದರಿಂದ ಕಚೇರಿಯಲ್ಲಿ ಅವಳ ಹೆಸರು ಮೇಲೇರಿತೆಂದೇನೂ ನಾನು ಹೇಳಲಾರೆ.

ನಮ್ಮ ರಸ್ತೆಗಾಗಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಅರ್ಜಿಯಲ್ಲಿ ಅಣ್ಣನ ಕಷ್ಟವನ್ನು ಮೂರು ಪುಟ ವರ್ಣಿಸಿದೆ; ಉತ್ತರ ಬರಲಿಲ್ಲ. ಎರಡನೆಯದು ಅರ್ಧ ಪುಟ. ಅದಕ್ಕೆ ಅವಳು ಬರೆದುಕೊಟ್ಟ ಒಂದು ಅಡ್ಡಕೊಯ್ತವನ್ನು ಲಗತ್ತಿಸಿದೆ. ರಸ್ತೆ, ಚರಂಡಿಯ ತಳ, ಅಂಗಳ, ಹಳೆಯ ಮೋರಿ ಇದ್ದ ಜಾಗ, ನಾಲ್ಕರ ಮಟ್ಟವನ್ನೂ ಅಂಕಿಯಲ್ಲಿ ಬರೆದಿತ್ತು. ಒಬ್ಬ ತರುಣ ಎಂಜಿನಿಯರು ಬಂದು ನೋಡಿ, ಅಂಕಿ ಸರಿಯಾಗಿದೆ ಎಂದು ಹೋದರು. ಬೇಸಿಗೆಯಲ್ಲಿ ರಸ್ತೆಯನ್ನು ಅಡ್ಡಲಾಗಿ ಕಡಿದು, ಹಳೆಯ ಮೋರಿಯ ಮಟ್ಟದಲ್ಲಿ ಎರಡು ಹ್ಯೂಮ್ ಪೈಪು ಹಾಕಿದರು. ಕಡಿದ ಜಾಗದಲ್ಲಿ ಡಾಂಬರು ಇಂದಿಗೂ ಸ್ವಲ್ಪ ಉಬ್ಬಿದೆ. ಬಸ್ಸು ಅಲ್ಲಿ ಒಂದು ಸಲ ಕುಲುಕುತ್ತದೆ. ಚರಂಡಿ ಇದ್ದಲ್ಲಿಯೇ ಇದೆ, ಮೇಲೆ. ಅದರಲ್ಲಿ ಹುಲ್ಲು ಬೆಳೆದಿದೆ.

ಅಣ್ಣ ಮುಂದಿನ ವರ್ಷ ಹುಳುಮನೆಯ ನೆಲವನ್ನು ಮೂರು ಅಡಿ ಎತ್ತರಿಸಿದ. ಪೈಪಿನ ಮೇಲೆ ಅವನಿಗೆ ಪೂರ್ತಿ ನಂಬಿಕೆ ಬಂದಿಲ್ಲ. ಹೊಂಗೆಮರದ ಬೊಡ್ಡೆಯ ಮೇಲೆ 2022ರ ನೀರಿನ ಗುರುತಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೇವೆ. ಜೋರು ಮಳೆಯಾದ ರಾತ್ರಿ ಬೆಂಗಳೂರಿನಿಂದ ಫೋನು ಬರುತ್ತದೆ. ನಾನು ಛತ್ರಿ ಹಿಡಿದು ಟಾರ್ಚು ತೆಗೆದುಕೊಂಡು ಹೋಗಿ, ನೀರು ಗೆರೆಯಿಂದ ಎಷ್ಟು ಕೆಳಗಿದೆಯೆಂದು ನೋಡಿ ಹೇಳುತ್ತೇನೆ.